ಚಂದವ್ವನ ಬಾಗಿಲ ದೀಪ

ಗುಡ್ಡದ ಓಣಿ, ವಾಸ್ಕೊ
೧೮ ಜನವರಿ ೨೦೦೪, ಭಾನುವಾರ

ಶ್ವೇತಾಳ ಅಪ್ಪನಿಗೆ ಮಂಗಲಾ ಮಾಡುವ ನಮಸ್ಕಾರಗಳು,

ಹೇಗಿದ್ದೀರಿ? ರತ್ನಾಗಿರಿಯ ಜೆಟ್ಟಿ ಕೆಲಸದಲ್ಲಿ ಉಪ್ಪುಗಾಳಿಗೆ ಕೈ ಒಡೆಯುತ್ತಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಹೋದ ಸಲದಂತೆ ಮಶೀನಿನ ಗ್ರೀಸು ಬಳಿದುಕೊಳ್ಳಬೇಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅತ್ತೆಯ ಮೊಣಕಾಲು ನೋವು ಚಳಿಗೆ ಸ್ವಲ್ಪ ಹೆಚ್ಚಾಗಿದೆ, ನಾಲಿಗೆ ಮಾತ್ರ ಚೆನ್ನಾಗಿದೆ. ಶ್ವೇತಾ ಉದ್ದವಾಗಿದ್ದಾಳೆ, ಯೂನಿಫಾರ್ಮಿನ ಅಂಚು ಬಿಚ್ಚಿ ಇಳಿಸಿದ್ದೇನೆ. ನಾನು ವೆರ್ಣಾದ ಕಂಪನಿಗೆ ಹೋಗಿ ಬರುತ್ತಿದ್ದೇನೆ. ಸಂಕ್ರಾಂತಿಗೆ ನೀವು ಬರಲಿಲ್ಲವೆಂದು ನನಗೆ ಸಿಟ್ಟಿದೆ, ಅದನ್ನು ಈಗ ಬರೆಯುವುದಿಲ್ಲ. ಬರೆಯಬೇಕಾದ ಸಿಟ್ಟು ಬೇರೆ ಇದೆ.

ನಮ್ಮ ಓಣಿಯ ಬೀದಿದೀಪದ ಜಗಳ ನಿಮಗೆ ಗೊತ್ತೇ ಇದೆ. ಮಿಲಿಟರಿ ಲಾರಿಗಳು ಓಡಾಡುವ ರಸ್ತೆ, ದೀಪದ ಖರ್ಚು ಅವರೇ ಕೊಡಲಿ ಎಂದು ಪಂಚಾಯತಿಯವರು. ಮನೆಗಳಿರುವ ರಸ್ತೆ, ಪಂಚಾಯತಿಯೇ ಕೊಡಲಿ ಎಂದು ಮಿಲಿಟರಿಯವರು. ಪಾವ್ ಮಾರಲು ಬರುವ ಮುದುಕ ನಗುತ್ತಾನೆ. ಪೋರ್ತುಗೀಜರಿದ್ದಾಗಲೂ ಇದೇ ಕಥೆಯಂತೆ. ದೀಪದ ಎಣ್ಣೆ ಯಾರು ಕೊಡಬೇಕೆಂದು ಗವರ್ನರನ ಕಚೇರಿಯೂ ಅವರ ಪಲ್ಟಣದವರೂ ಕಾಗದ ಬರೆದುಕೊಂಡು ಕೂತಿದ್ದರು, ಜನ ಕತ್ತಲಲ್ಲಿ ಎಡವುತ್ತಿದ್ದರು ಎಂದು ಅವನ ಅಜ್ಜ ಹೇಳುತ್ತಿದ್ದನಂತೆ. ಅಂತೂ ದೀಪಾವಳಿಯ ನಂತರ ರಾಜಿಯಾಯಿತು. ಖರ್ಚು ಅರ್ಧರ್ಧ. ಆದರೆ ತಿಂಗಳ ಬಿಲ್ಲನ್ನು ಹಂಚಿಕೊಳ್ಳುವ ಬದಲು ಕಂಬಗಳನ್ನೇ ಹಂಚಿಕೊಂಡರು! ಮೇಲಿನ ಕಂಬಗಳು ಮಿಲಿಟರಿಗೆ, ಕೆಳಗಿನವು ಪಂಚಾಯತಿಗೆ. ಮಿಲಿಟರಿಯವರು ವಾರದೊಳಗೆ ಹೊಸ ದೀಪ ಹಾಕಿದರು. ಪಂಚಾಯತಿಯವರು ಇನ್ನೂ ಹಾಕುತ್ತಲೇ ಇದ್ದಾರೆ. ಮಿಲಿಟರಿಯ ಕೊನೆಯ ಕಂಬ ಯಾರ ಬಾಗಿಲಿಗೆ ಬಂತು ಹೇಳಿ? ನಮ್ಮ ಪಕ್ಕದ ಮನೆಯ ಚಂದವ್ವನ ಬಾಗಿಲಿಗೆ. ಪಂಚಾಯತಿಯ ಮೊದಲನೆಯ ಕುರುಡು ಕಂಬ ನಮ್ಮ ಬಾಗಿಲಿಗೆ.

ಹೌದು, ನನಗೆ ಹೊಟ್ಟೆಕಿಚ್ಚಾಯಿತು. ಯಾಕೆ ಆಗಬಾರದು? ದೀಪ ಬಂದ ದಿನದಿಂದ ಇಡೀ ಓಣಿ ಅವಳ ಕಟ್ಟೆಯ ಮೇಲೆಯೇ. ನಾನು ಕಂಪನಿ ಬಸ್ಸಿಳಿದು ಕತ್ತಲಲ್ಲಿ ಕಲ್ಲು ಮುಳ್ಳು ತುಳಿದು ಬಂದರೆ ನಮ್ಮ ಮನೆಗೆ ಬೀಗ. ಅತ್ತೆ ಅಲ್ಲಿ ಅವಳ ಜೊತೆ ಬೆಳ್ಳುಳ್ಳಿ ಸುಲಿಯುತ್ತ ಕೂತಿರುತ್ತಾರೆ. ಮನೆಯಲ್ಲಿ ಬೆಳ್ಳುಳ್ಳಿ ಮುಟ್ಟಿದರೆ ಅವರಿಗೆ ಕೈ ಉರಿಯುತ್ತದೆ. ಕೇಳಿದರೆ, "ಚಂದವ್ವನ ಕಟ್ಟಿ ಮ್ಯಾಲ ಕುಂತ್ರ ಜೀವಕ್ಕ ಹಗೂರ ಆಕ್ಕೈತಿ" ಎನ್ನುತ್ತಾರೆ. ಹಿತ್ತಲ ಗಿಡ ಮದ್ದಲ್ಲ, ಮನೆಯ ಸೊಸೆಯೂ ಅಷ್ಟೇ. ಶ್ವೇತಾ ಪುಸ್ತಕ ಹಿಡಿದುಕೊಂಡು ಅಲ್ಲಿಗೇ ಓಡುತ್ತಾಳೆ, ಅಲ್ಲಿಯೇ ಉಂಡು ಬರುತ್ತಾಳೆ. ಒಂದು ದಿನ ನಾನು ಮಾಡಿದ ಪಲ್ಯವನ್ನು ಬಾಯಿಗಿಟ್ಟು, "ಯವ್ವಾ, ಚಂದವ್ವ ಕಾಕು ಇದನ್ನ ಭಾಳ ಚಲೋ ಮಾಡ್ತಾಳ" ಎಂದಳು. ಹೆತ್ತವಳ ಮುಂದೆ ಆಡುವ ಮಾತೇ ಇದು? ಅವಳಿಗೆ ಕಲಿಸಿದವರು ನೀವೇ. "ಚಂದವ್ವನ ರೊಟ್ಟಿ ನೋಡಿ ಕಲಿ, ಎಷ್ಟ ತೆಳ್ಳಗ ಬಡಿತಾಳ" ಎಂದು ನೀವು ಹೇಳಿದ್ದು ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ.

ಅದಕ್ಕೇ ಒಂದು ಉಪಾಯ ಮಾಡಿದೆ. ನಮ್ಮ ಹಿತ್ತಲ ಗೇರುಮರದ ಕೆಳಗೆ ಅತ್ತೆ ಪೂಜಿಸುವ ಗುಡ್ಡದವ್ವ ಇದ್ದಾಳಲ್ಲ, ಅವಳು ಮಿಲಿಟರಿಯವರ ಗಡಿಕಲ್ಲು. ನಿಮ್ಮ ಮುಂದೆ ಯಾರೂ ಹೇಳಿಲ್ಲ. ನಾವು ಈ ಓಣಿಗೆ ಬಂದ ವರ್ಷದ ಮಳೆಗಾಲದಲ್ಲಿ, ನೀವು ಕುಂಕಳ್ಳಿಯಲ್ಲಿ ಕೆಲಸಕ್ಕಿದ್ದಾಗ, ಅದು ಮೇಲೆ ಮಿಲಿಟರಿ ಕಾಂಪೌಂಡಿನ ಹತ್ತಿರ ಕಿತ್ತು ಬಿದ್ದಿತ್ತು. ತಲೆ ಗುಂಡಗೆ, ಮೈಗೆ ಬಿಳಿ ಬಣ್ಣ. ಅತ್ತೆ ಅದನ್ನು ನೋಡಿ, "ಅವ್ವ ಮಣ್ಣಾಗ ಬಿದ್ದಾಳ" ಎಂದು ಚಂದವ್ವನನ್ನು ಕರೆದುಕೊಂಡು ಹೋಗಿ, ಇಬ್ಬರೂ ಹೊತ್ತು ತಂದು ಗೇರುಮರದ ಕೆಳಗೆ ನೆಟ್ಟರು. ಅಂದಿನಿಂದ ಅಮಾವಾಸ್ಯೆಗೆ ಮೊಸರನ್ನದ ಎಡೆ, ಶುಕ್ರವಾರ ಅರಿಶಿನ ಕುಂಕುಮ. ಆ ಕುಂಕುಮದ ಕೆಳಗೆ ಮಿಲಿಟರಿಯ ಅಕ್ಷರಗಳಿರುವುದು ನನಗೆ ಗೊತ್ತಿತ್ತು. ಹೋದ ವಾರ ಕಂಬಗಳನ್ನು ಅಳೆಯಲು ಮಿಲಿಟರಿ ಸಾಹೇಬರು ಬಂದಾಗ ನಾನು ಹುಣಸೆಹಣ್ಣು ಹಚ್ಚಿ ಗುಡ್ಡದವ್ವನನ್ನು ತಿಕ್ಕಿ ತೊಳೆದೆ, ಅವರನ್ನು ಹಿತ್ತಲಿಗೆ ಕರೆದೆ. ನನಗೆ ಬಂದಷ್ಟು ಹಿಂದಿಯಲ್ಲಿ, ನಿಮ್ಮ ಕಲ್ಲು ನಮ್ಮ ಹಿತ್ತಲಲ್ಲಿದೆ, ಗಡಿ ಇಲ್ಲಿಯತನಕ ಬಂತು, ಅಂದಮೇಲೆ ನಮ್ಮ ಕಂಬವೂ ನಿಮ್ಮದೇ ಎಂದೆ. ಅವರು ಟೇಪು ಹಿಡಿದು ಅಳೆದು ಎಲ್ಲ ಬರೆದುಕೊಂಡರು. "ಅವ್ವನ ಮಾರಿ ತೊಳದಿ, ನಿನ್ನ ಕೈ ಸೇದಿ ಹೋಗ್ಲಿ" ಎಂದು ಅತ್ತೆ ಬೈದರು. ನಾನು ಕಲ್ಲು ತೊಳೆಯುವಾಗಲೇ ಬೇಲಿಯ ಆಚೆ ನಿಂತಿದ್ದ ಚಂದವ್ವ ಮೆಲ್ಲಗೆ, "ಮಂಗಲಕ್ಕಾ, ಆ ಕಲ್ಲ ತೋರಸಬ್ಯಾಡ" ಎಂದಿದ್ದಳು. ನೋಡಿದಿರಾ? ದೀಪ ತನ್ನ ಬಾಗಿಲಿಗೊಂದೇ ಇರಲಿ ಎಂದು ಅವಳ ಆಸೆ. ನಾನು ಕೇಳಿಸದವಳಂತೆ ಇದ್ದುಬಿಟ್ಟೆ.

ಸಂಕ್ರಾಂತಿಯ ಮರುದಿನವೇ ಅವರ ಲೈನ್‌ಮನ್ ಬಂದು ನಮ್ಮ ಕಂಬಕ್ಕೆ ದೀಪ ಹಾಕಿದ. ಹಳದಿ ಬೆಳಕು ಹೊಸ್ತಿಲು ದಾಟಿ ಒಲೆಯತನಕ ಬರುತ್ತದೆ. ದೀಪ ಹತ್ತಿದ ಕೂಡಲೇ ಅತ್ತೆ ಸಿಟ್ಟು ಮರೆತು ಕೈ ಮುಗಿದರು. ನಿನ್ನೆ ಸಂಜೆ ನಮ್ಮ ಕಟ್ಟೆಯ ಮೇಲೆಯೇ ಕೂತು ಬೆಳ್ಳುಳ್ಳಿ ಸುಲಿದರು. ಕೆಳಗಿನ ಮನೆಯ ಖಾತುನಬಿ ಕೂಡ ಬಂದು ಕೂತಳು, ನಾನು ಎಲ್ಲರಿಗೂ ಚಹಾ ಮಾಡಿದೆ. ಚಂದವ್ವನ ಕಟ್ಟೆ ಖಾಲಿ ಇತ್ತು. ನನಗೆ ಎಷ್ಟು ಸಂತೋಷವಾಯಿತೆಂದು ಕಾಗದದಲ್ಲಿ ಬರೆದರೆ ನೀವು ನನ್ನನ್ನು ಕೆಟ್ಟವಳು ಎನ್ನುತ್ತೀರಿ.

ಅತ್ತೆಯ ಆಶೀರ್ವಾದ ನಿಮ್ಮ ತಲೆಯ ಮೇಲಿರಲಿ. ಶ್ವೇತಾ ನಿಮ್ಮ ಕಾಲಿಗೆ ಬಿದ್ದಿದ್ದಾಳೆ, ಬರುವಾಗ ಕಂಪಾಸ್ ಪೆಟ್ಟಿಗೆ ಬೇಕಂತೆ. ಅವಳ ಪಾಲಿನ ಎಳ್ಳುಬೆಲ್ಲದಲ್ಲಿ ಸ್ವಲ್ಪ ನಿಮಗಾಗಿ ತೆಗೆದಿಟ್ಟಿದ್ದೇನೆ.

ಇಂತಿ ನಿಮ್ಮ
ಮಂಗಲಾ

ತಾ.ಕ.: ಸೋಮವಾರ ಬೆಳಿಗ್ಗೆ. ಪಾಕೀಟು ಅಂಟಿಸುವ ಮೊದಲು ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮಿಲಿಟರಿಯ ಜನ ಬಂದು ನಮ್ಮ ಗೋಡೆಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದರು. ಕಲ್ಲಿನ ಒಳಗಿನ ಜಾಗವೆಲ್ಲ ಅವರದಂತೆ, ತಿಂಗಳೊಳಗೆ ಮನೆ ಕೀಳಬೇಕಂತೆ. ಕಲ್ಲು ನಮ್ಮ ಹಿತ್ತಲಲ್ಲಿರುವುದರಿಂದ ಓಣಿಯಲ್ಲಿ ನಮ್ಮ ಮನೆಯೊಂದಕ್ಕೇ ಈ ಗುರುತು. ದೀಪ ಕೇಳಲು ಹೋಗಿ ಮನೆಯನ್ನೇ ಬರೆದುಕೊಟ್ಟೆ. ಕಲ್ಲು ಮೊದಲು ಎಲ್ಲಿತ್ತೆಂದು ನಮ್ಮ ಮನೆಯವರಲ್ಲದ ಹೊರಗಿನವರು ಯಾರಾದರೂ ಬಂದು ತೋರಿಸಿದರೆ ಮತ್ತೆ ಅಳೆಯುತ್ತಾರಂತೆ, ಅತ್ತೆಯ ಮಾತು ನಡೆಯುವುದಿಲ್ಲ. ಹೊರಗಿನವರಲ್ಲಿ ಅದು ಗೊತ್ತಿರುವುದು ಚಂದವ್ವನಿಗೊಬ್ಬಳಿಗೇ. ಅವಳ ಬಾಗಿಲಿಗೆ ಹೋಗಿ ನಿಂತೆ. ಕೇಳುವ ಮೊದಲೇ ಅವಳು ಚಪ್ಪಲಿ ಮೆಟ್ಟಿಕೊಂಡು, "ನಡಿ ಅಕ್ಕಾ, ಕಲ್ಲಿನ ಆ ಕಡಿ ನಾನ ಹಿಡದಿದ್ದೆ, ಅದು ಇದ್ದ ಕುಣಿ ತೋರಸ್ತೇನಿ" ಎಂದಳು. ಸರ್ಕಾರದ ಕಲ್ಲು ಎತ್ತಿದವಳೆಂದು ಅವಳ ಮೇಲೂ ಕೇಸು ಬರಬಹುದು, ಅದು ಅವಳಿಗೆ ಗೊತ್ತಿದೆ. ನಾನಾಗಿದ್ದರೆ ಹೋಗುತ್ತಿರಲಿಲ್ಲ. ಅದನ್ನು ನೆನೆದು ನನಗೆ ಮೊದಲಿಗಿಂತ ಹೆಚ್ಚು ಹೊಟ್ಟೆಕಿಚ್ಚಾಗುತ್ತಿದೆ. ನೀವು ಕೂಡಲೇ ಹೊರಟು ಬನ್ನಿ. ಅವಳಿಗೆ ಉಪಕಾರವಾಯಿತೆಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ, ನೀವೇ ಹೇಳಿ. ಬೇಡ, ನೀವು ಅವಳ ಮುಂದೆ ನಿಂತು ಅವಳನ್ನು ಹೊಗಳುವುದನ್ನು ನಾನು ನೋಡಲಾರೆ. ನಾನೇ ಹೇಳುತ್ತೇನೆ. ನೀವು ಬಂದು ನನ್ನ ಪಕ್ಕದಲ್ಲಿ ನಿಂತರೆ ಸಾಕು.