ಒಂದು ಮನೆಗೆ ಒಂದೇ ಟಿಕ್

ಬೋನಾಳ, ಗುರುವಾರ ಮಧ್ಯಾಹ್ನ

ದೊಡ್ಡಪ್ಪ, ನಮಸ್ಕಾರ. ಸಮಾಜಶಾಸ್ತ್ರದ ಸಮೀಕ್ಷೆಗೆ ಹೊರಟಾಗ ನೀವು ಕೊಟ್ಟ ಹಳೇ ಪಾಠದ ನೋಟ್ಸು ಇಲ್ಲಿ ಮೊದಲ ಮನೆಯಲ್ಲೇ ಕೈಕೊಟ್ಟಿತು. ನಮ್ಮ ಫಾರಂನಲ್ಲಿ ಆಹಾರ ಹುಡುಕಿ ತಿನ್ನುವ ಸಮಾಜ, ಪಶುಪಾಲಕ ಸಮಾಜ, ಕೃಷಿ ಸಮಾಜ, ಕೈಗಾರಿಕಾ ಸಮಾಜ ಎಂದು ನಾಲ್ಕು ಬಗೆ. ಒಂದು ಮನೆಗೆ ಒಂದೇ ಟಿಕ್. ಎರಡು ಹಾಕಿದರೆ ಪ್ರೊಫೆಸರರು ಫಾರಂ ಎಸೆಯುತ್ತಾರೆ, ನಾನು ಮತ್ತೆ ಸುರಪುರದ ಬಸ್ಸು ಹತ್ತಬೇಕು.

ದುರಗಮ್ಮ ಎಂಬ ಅಜ್ಜಿಯ ಅಂಗಳದಲ್ಲಿ ಕುರಿಗಳಿವೆ, ಕಾಲುವೆ ಪಕ್ಕ ಭತ್ತದ ಹೊಲವಿದೆ. ಮಗ ಶಹಾಪುರದ ಹತ್ತಿ ಮಿಲ್ಲಿಗೆ ಹೋಗುತ್ತಾನೆ, ಸೊಸೆ ಮೊಬೈಲಿನಲ್ಲೇ ಸೀರೆ ಮಾರುತ್ತಾಳೆ. ಅಜ್ಜಿ ಬಡಿಸಿದ ರೊಟ್ಟಿ ತಿನ್ನುತ್ತಲೇ, ಯಾವುದಕ್ಕೆ ಟಿಕ್ ಹಾಕಲಿ ಎಂದು ಅವರನ್ನೇ ಕೇಳಿದೆ.

"ಕುರಿಗೊಂದು ಹಾಕು, ಹೊಲಕ್ಕೊಂದು ಹಾಕು. ಪೆನ್ನಿನಾಗ ಮಸಿ ಇಲ್ಲೇನು?"

ಒಂದೇ ಹಾಕಬೇಕು ಎಂದು ನಾಲ್ಕೂ ಬಗೆಯನ್ನು ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ ಅಜ್ಜಿ ನನ್ನನ್ನೇ ವಿಚಾರಿಸತೊಡಗಿದರು.

"ನೀ ಹೊಲ ಮಾಡ್ತಿಯೇನು?"

ಇಲ್ಲ ಎಂದೆ.

"ಕುರಿ ಕಾಯ್ತಿಯೇನು? ಮಿಲ್ಲಿಗಿ ಹೋಗ್ತಿಯೇನು?"

ಅದೂ ಇಲ್ಲ ಎಂದೆ.

"ಮತ್ತ ಊರೂರು ಅಡ್ಡಾಡಿ ಸಿಕ್ಕಲ್ಲಿ ಉಣ್ಣಾಕತ್ತಿ. ಆ ಮೊದಲನೇದು ನಿಂದೇ ಐತಿ ನೋಡು ತಂಗಿ" ಎಂದು ಮತ್ತೊಂದು ರೊಟ್ಟಿ ಹಾಕಿದರು.

ಆರೋಗ್ಯ ಚೆನ್ನಾಗಿದೆ, ಶೇಂಗಾ ಹಿಂಡಿ ಎಂಬ ಇಲ್ಲಿನ ಚಟ್ನಿಪುಡಿಯ ಖಾರಕ್ಕೆ ಮಾತ್ರ ಕಣ್ಣಲ್ಲಿ ನೀರು. ಆ ಮೊದಲನೆಯ ಸಮಾಜ ಬಹುತೇಕ ನಶಿಸಿದೆ ಎಂದು ನಿಮ್ಮ ನೋಟ್ಸಿನಲ್ಲಿದೆ, ದಯವಿಟ್ಟು ತಿದ್ದಿಕೊಳ್ಳಿ. ಪಕ್ಕದ ಪರಮಣ್ಣನವರ ಮನೆಯಿಂದ ಒಗ್ಗರಣೆ ವಾಸನೆ ಬರುತ್ತಿದೆ, ಸಮೀಕ್ಷೆಗೆ ಹೊರಟೆ.

ನಿಮ್ಮ ವಾಸಂತಿ