ಕಾಲರಿನೊಳಗಿನ ಆರು ಪದ

ಇಲ್ಲ ಅಪ್ಪ, ಮಾರಲ್ಲ ಅಂದ್ರೆ ಮಾರಲ್ಲ. ನಾನು ಕೊಂಡ ಬಿಟ್‌ಕಾಯಿನ್ ಅಂದ್ರೆ "ಗಾಳಿಗೋಪುರ" ಅಂತ ನೀನು ನಗ್ತಿದ್ದೆ. ಆದ್ರೂ ಅದರ ಬೀಗ ತೆಗೆಯೋ ಹನ್ನೆರಡು ಪದಗಳಲ್ಲಿ ಆರನ್ನ ನಿನಗೇ ಕೊಟ್ಟಿದ್ದೆ, ನಾನು ಹೆದರಿ ಮಾರೋಕೆ ಕೇಳಿದ್ರೂ ಕೊಡ್ಬೇಡ ಅಂತ. ಬೆಲೆ ಅರ್ಧಕ್ಕೆ ಬಿದ್ದ ದಿನ ನಿನ್ನ ಕಾಲು ಹಿಡಿದೆ. ನೀನು ಹೊಲಿಗೆ ಮಿಷನ್ ತುಳೀತಾನೇ, "ಹೋಗೋ ಪುಕ್ಕಲ, ವೆಲ್ಡಿಂಗ್ ನೋಡ್ಕೋ" ಅಂದೆ.

ಆಸ್ಪತ್ರೆಯಲ್ಲಿ ಆ ಪದಗಳನ್ನ ಹೇಳೋಕೆ ನೀನೇ ಬಾಯಿ ತೆಗೆದೆ. "ಮನೆಗೆ ಬಂದ್ಮೇಲೆ ಹೇಳುವಿಯಂತೆ" ಅಂತ ನಾನೇ ತಡೆದೆ. ನೀನು ಬರ್ಲಿಲ್ಲ.

ಇವತ್ತು ಅಕ್ಕ ನಿನ್ನ ಕೋಟನ್ನ ನನ್ನ ಅಳತೆಗೆ ಮಾಡೋಕೆ ಬಿಚ್ಚಿದಳು. ಕಾಲರಿನೊಳಗೆ ಆರೂ ಪದ ಇದ್ವು. ಒಗೆದ್ರೂ ಅಳಿಸಿಹೋಗ್ಬಾರ್ದು ಅಂತ ನೀನು ಕಪ್ಪು ದಾರದಲ್ಲಿ ಹೊಲಿದಿದ್ದೆ. ಅದೇ ನಿನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರ.

ಭಾವ ಕುಣಿದುಬಿಟ್ರು. "ಬೆಲೆ ಮೂರರಷ್ಟಾಗಿದೆ ಕಣೋ, ಇವತ್ತೇ ಮಾರು. ಈಗ ನಿನ್ನ ತಡೆಯೋರು ಯಾರಿದ್ದಾರೆ?"

ಅದಕ್ಕೇ ಮಾರ್ಲಿಲ್ಲ. ಆ ಪದ ನಿನ್ನ ಹತ್ರಾನೇ ಇರ್ಲಿ ಅಂತ ಅಕ್ಕನ ಕೈಯಿಂದ ಸೂಜಿ ಕಿತ್ಕೊಂಡು ಕಾಲರ್ ಮತ್ತೆ ಮುಚ್ಚಿದೆ. ಹೊಲಿಗೆ ಸೊಟ್ಟ ಇದೆ, ಬೈಕೋ. ಕೋಟು ಹಾಕ್ಕೊಂಡಿದ್ದೀನಿ, ತೋಳು ಇನ್ನೂ ಉದ್ದ. ಭಾವ ಒಳಗೆ ಕೂಗ್ತಾನೇ ಇದ್ದಾರೆ.

ಕೂಗ್ಲಿ ಬಿಡು. ಕೆಲಸಕ್ಕೆ ಹೊರಟೆ ಕಣಪ್ಪ, ಬಾಗಿಲು ಎಳ್ಕೊಂಡು.