ಹತ್ತು ಕಲ್ಲು ನಿಂತ ಮೇಲೆ

ಗುರುವಾರ, ಹನ್ನೊಂದನೇ ತಾರೀಖು

ಅಣ್ಣನಿಗೆ,

ನಿನ್ನ ತಂಗಿ ಎಡಚಿ ಬರೆಯುವ ಕಾಗದ. ಇಲ್ಲಿ ನಾನು ಕ್ಷೇಮ, ಅಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ ಎಂದು ಮೊದಲ ಸಾಲಿನಲ್ಲೇ ಬರೆದುಬಿಡುವುದು ನನ್ನ ರೂಢಿ. ಈ ಸಲ ಆ ಸಾಲು ಬರೆಯಲು ಕೈ ಏಳಲಿಲ್ಲ. ಯಾಕೆಂದು ಓದುತ್ತಾ ಹೋದ ಹಾಗೆ ತಿಳಿಯುತ್ತದೆ. ಕನ್ನಡಕ ಹುಡುಕಿ ನೀನೇ ಓದು, ಅತ್ತಿಗೆಯ ಕೈಯಲ್ಲಿ ಓದಿಸಬೇಡ. ಅವಳಿಗೆ ಇದು ಗೊತ್ತಿಲ್ಲವೆಂದೇ ಅಂದುಕೊಂಡಿದ್ದೇನೆ. ಗೊತ್ತಿದ್ದರೆ ನನಗೆ ಹೇಳಬೇಡ, ನಾನು ನಂಬಲು ಒಬ್ಬರಾದರೂ ಉಳಿಯಲಿ.

ಮೊದಲು ಕೆಲಸದ ಮಾತು. ನೀನು ಕೇಳಿದ ಫಲಕ ಆಯಿತು. ಹತ್ತು ದಿನ ಹಿಡಿಯಿತು. ನೀನು ಬರೆದುಕೊಟ್ಟ ಒಕ್ಕಣೆಯಲ್ಲಿ ನಾನು ಒಂದಕ್ಷರವನ್ನೂ ಬದಲಾಯಿಸಿಲ್ಲ. ಗಾಡಿಯವರು ಶನಿವಾರ ಸಂಜೆ ಅದನ್ನು ಗೋಣಿಯಲ್ಲಿ ಸುತ್ತಿ ನೇರವಾಗಿ ವಿದೇಶಿಯರ ಸ್ಮಶಾನಕ್ಕೆ ಒಯ್ಯುತ್ತಾರೆ, ಗೇಟಿನ ಕಂಬಕ್ಕೆ ಕೂರಿಸಿ ಪರದೆ ಕಟ್ಟುತ್ತಾರೆ. ಭಾನುವಾರ ಹತ್ತು ಗಂಟೆಗೆ ಸಮಿತಿಯವರು ಪರದೆ ಎಳೆಯುವವರೆಗೆ ಅದನ್ನು ಯಾರೂ ಬಿಚ್ಚುವಂತಿಲ್ಲ.

ಮೂರು ವಾರದ ಹಿಂದೆ ನಿನ್ನ ಕಾಗದ ಬಂದಾಗ ನಾನು ಎಷ್ಟು ಹಿಗ್ಗಿದ್ದೆ ಎಂದು ಈಗ ನೆನೆದರೆ ನನಗೇ ನನ್ನ ಮೇಲೆ ಸಿಟ್ಟು ಬರುತ್ತದೆ. ಆ ಸ್ಮಶಾನದ ಹಳೆಯ ಕಲ್ಲುಗಳಿಗೆ ಅಕ್ಷರ ಕೊಟ್ಟ ಕೊನೆಯ ಕುಶಲಕರ್ಮಿ ನೀನೇ ಎಂದು ಸಮಿತಿಯವರು ನಿನ್ನ ಹೆಸರು ಕೆತ್ತಿಸಿ ಗೇಟಿಗೆ ಹಾಕುತ್ತಾರೆಂದು ನೀನು ಬರೆದಿದ್ದೆ. ಫಲಕವನ್ನೂ ನೀನೇ ಕೆತ್ತಬೇಕೆಂಬುದು ಅವರ ಆಸೆ. ಆದರೆ ಅಪ್ಪನ ಕೈನಡುಕ ಈಗ ನಿನಗೂ ಬಂದಿದೆ, ಚಮಚ ಹಿಡಿದರೂ ಸಾರು ಚೆಲ್ಲುತ್ತದೆ. ಹೊರಗಿನವರ ಕೈಗೆ ಕೊಟ್ಟರೆ ಮಾನ ಹೋಗುತ್ತದೆ, ತಂಗಿಯಾದರೆ ಗುಟ್ಟು ಮನೆಯಲ್ಲೇ ಇರುತ್ತದೆ ಎಂಬುದು ನಿನ್ನ ಲೆಕ್ಕ. ಕೊನೆಯ ಅಕ್ಷರದ ಕೊನೆಯ ಗೆರೆಯನ್ನು ಮಾತ್ರ ಅರ್ಧ ಬಿಡು, ಎಲ್ಲರೆದುರು ಒಂದೇಟು ಹಾಕಿ ಮುಗಿಸಿದಂತೆ ಮಾಡುತ್ತೇನೆ ಎಂದಿದ್ದೆ. ಮುಂದಿನ ಸಾಲಿನಲ್ಲಿ ತಂಗಿ ಕೂತಿರಬೇಕು ಎಂದೂ ಬರೆದಿದ್ದೆ. ನಿವೃತ್ತಿಯಾದ ಮೇಲೆ ನಾನು ಬೀದಿಯ ಮನೆಗಳಿಗೆ ನಂಬರು ಕೆತ್ತಿಕೊಡುತ್ತಿರುವುದನ್ನು ಅತ್ತಿಗೆ ಹೇಳಿರಬೇಕು. ನನ್ನ ಕೈಯನ್ನು ಅಣ್ಣ ಮೂವತ್ತೆಂಟು ವರ್ಷದ ಮೇಲಾದರೂ ನಂಬಿದನಲ್ಲ ಎಂದು ಆ ಕಾಗದವನ್ನು ಎರಡು ದಿನ ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದೆ. ನಗಬೇಡ.

ಹಳೆಯ ಕಲ್ಲುಗಳ ಅಕ್ಷರಕ್ಕೆ ಸರಿಹೊಂದುವ ಹಾಗೆ ಕೆತ್ತು ಎಂದು ಒಂದು ಕಲ್ಲಿನ ಮೇಲೆ ಕಾಗದ ಹಾಸಿ ಸೀಸದ ಕಡ್ಡಿ ಉಜ್ಜಿ ತೆಗೆದ ಅಚ್ಚನ್ನೂ ನೀನು ಕಳಿಸಿದ್ದೆ. ಅಲ್ಲಿಗೆ ಹೋಗುವ ಕಷ್ಟ ತೆಗೆದುಕೊಳ್ಳಬೇಡ, ಗುಡ್ಡ ಹತ್ತಬೇಕು, ನಿನ್ನ ಮಂಡಿ ಸರಿಯಿಲ್ಲ ಎಂದು ಎರಡು ಸಲ ಬರೆದಿದ್ದೆ. ಅಣ್ಣ, ನನ್ನ ಮಂಡಿಯ ಬಗ್ಗೆ ನೀನು ಹುಟ್ಟಿದಾಗಿನಿಂದ ವಿಚಾರಿಸಿದವನಲ್ಲ. ಆಗಲೇ ನನಗೆ ಹೊಳೆಯಬೇಕಿತ್ತು.

ಆದರೆ ಕಾಗದದ ಮೇಲಿನ ಅಚ್ಚು ಅಕ್ಷರದ ಆಕಾರ ಹೇಳುತ್ತದೆ, ಆಳ ಹೇಳುವುದಿಲ್ಲ. ಆಳ ಗೊತ್ತಿಲ್ಲದೆ ನಾನು ಹೇಗೆ ಉಳಿ ಇಡಲಿ? ಈ ಕೆಲಸ ಬಲ್ಲ ಯಾರಾದರೂ ಒಮ್ಮೆ ಹೋಗಿ ಬೆರಳಿಟ್ಟು ನೋಡಿಯೇ ನೋಡುತ್ತಾರೆ. ಅದನ್ನು ನೀನು ಮರೆತೆ. ಅಥವಾ ನಾನು ಕೆಲಸ ಬಲ್ಲವಳೆಂಬುದನ್ನು ಮರೆತೆ.

ಕಳೆದ ತಿಂಗಳ ಕೊನೆಯ ಸೋಮವಾರ ಬೆಳಿಗ್ಗೆ ಹೋದೆ. ಅಷ್ಟು ವರ್ಷ ಆ ಗೇಟಿನ ಮುಂದೆ ನಾನು ಹಾದವಳಲ್ಲ. ನಾನು ಕೆಲಸಕ್ಕಿದ್ದ ಬಂದರಿನ ಗೋದಾಮಿಗೆ ಹೋಗಲು ಅದೇ ಹತ್ತಿರದ ದಾರಿ, ಆದರೂ ದಿನಾ ಮೀನಿನ ಪೇಟೆ ಸುತ್ತಿಕೊಂಡು ಹೋಗುತ್ತಿದ್ದೆ. ನನ್ನ ಕಲ್ಲುಗಳನ್ನು ಒಡೆದು ಹಾಕಿದ ಜಾಗ ಕಣ್ಣಿಗೆ ಬೀಳಬಾರದು ಎಂದು. ನಿನಗೆ ಜ್ಞಾಪಕ ಇರಬೇಕು. ಅಪ್ಪನಿಗೆ ಕಣ್ಣು ಹೋಗಿ ಕೈ ನಡುಗಲು ಶುರುವಾದ ವರ್ಷ ಅದು. ಕೆತ್ತುವುದು ನಾನು, ಕೈಗಾಡಿಯಲ್ಲಿ ಒಯ್ದು ನಿಲ್ಲಿಸುವುದು ನೀನು. ಪ್ರತಿ ಸಲ ಸಂಜೆ ಮುಖ ಸಣ್ಣಗೆ ಮಾಡಿಕೊಂಡು ಬಂದು, ಅಕ್ಷರ ವಾಲಿದೆ ಅಂತ ಅಲ್ಲಿನ ಗುಮಾಸ್ತ ತಿರಸ್ಕರಿಸಿದ, ಕಾಲುದಾರಿಗೆ ಹಾಸೋಕೆ ಅಲ್ಲೇ ಒಡೆಸಿಬಿಟ್ಟ ಅನ್ನುತ್ತಿದ್ದೆ. ಆಮೇಲೆ, ಅದೇ ಒಕ್ಕಣೆಯನ್ನು ನಾನೇ ಬೇರೆ ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದೆ ಎಂದು ನೀನು ಅನ್ನುತ್ತಿದ್ದೆ. ಒಂದು ಸಲ ನನಗೆ ನಂಬಿಕೆ ಬರಲಿ ಎಂದು ಒಡೆದ ಚೂರನ್ನೇ ಗೋಣಿಚೀಲದಲ್ಲಿ ತಂದು ತೋರಿಸಿದೆ. ಆ ಚೂರು ಇವತ್ತಿಗೂ ನನ್ನ ಅಡುಗೆಮನೆಯ ಬಾಗಿಲು ಬಡಿಯದಂತೆ ತಡೆಯುತ್ತಿದೆ. ಮೊನ್ನೆ ಮೊದಲ ಸಲ ಅದನ್ನು ಎತ್ತಿ ನಾಲ್ಕೂ ಕಡೆ ತಿರುಗಿಸಿ ನೋಡಿದೆ. ಅದರಲ್ಲಿ ಒಂದು ಗೀರೂ ಇಲ್ಲ. ಎಲ್ಲಿಯೋ ಬಿದ್ದಿದ್ದ ಬೋಳು ಕಲ್ಲು. ಅದನ್ನು ನೋಡಿಕೊಂಡು ಅತ್ತ ರಾತ್ರಿಗಳಿಗೆ ನೀನು ಏನು ಹೇಳುತ್ತೀಯ?

ಸ್ಮಶಾನದ ಉಸ್ತುವಾರಿ ನೋಡಿಕೊಳ್ಳುವ ಹೆಂಗಸು ನನ್ನ ವಯಸ್ಸಿನವಳೇ. ಸೊಂಟದಲ್ಲಿ ಬೀಗದ ಕೈ ಗೊಂಚಲು, ಕೈಯಲ್ಲಿ ಕತ್ತರಿ, ಬಾಯಿಗೆ ಬಿಡುವಿಲ್ಲ. ಯಾರ ಪೈಕಿ ನೀವು ಅಂತ ಕೇಳಿದಳು. ಇಲ್ಲಿ ನನ್ನ ಪೈಕಿ ಯಾರೂ ಮಲಗಿಲ್ಲ, ಅಕ್ಷರ ನೋಡೋಕೆ ಬಂದೆ ಅಂದೆ. ಅಕ್ಷರ ನೋಡಬೇಕಾದರೆ ಸಮುದ್ರದ ಕಡೆಯ ಸಾಲಿಗೆ ಬನ್ನಿ, ಮೇಲಿನವೆಲ್ಲ ಉಪ್ಪುಗಾಳಿಗೆ ಸವೆದು ಹೋಗಿವೆ, ಇವು ಹತ್ತು ಮಾತ್ರ ನಿನ್ನೆ ಕೆತ್ತಿದ ಹಾಗಿವೆ, ಕೆತ್ತಿದವನು ಎಂಥ ಪುಣ್ಯಾತ್ಮನೋ ಅಂದಳು.

ಮೊದಲನೆಯ ಕಲ್ಲಿಗೆ ಬೆರಳಿಟ್ಟೆ. ಬಲಗೈಯವರು ಕೆತ್ತಿದರೆ ಗೆರೆಯ ಒಳಗೆ ಉಳಿಯ ಸಣ್ಣ ಗೀರುಗಳು ಒಂದು ಕಡೆಗೆ ವಾಲುತ್ತವೆ, ನನ್ನ ಗೀರುಗಳು ಅದರ ಎದುರು ದಿಕ್ಕಿಗೆ. ಅಪ್ಪ ಅದಕ್ಕೇ ಅಲ್ಲವೇ ನನ್ನನ್ನು ಬೆಂಚಿನ ಆಚೆ ಕೂರಿಸುತ್ತಿದ್ದದ್ದು, ಎಡಚಿ ಎಂದು ಹೆಸರಿಟ್ಟದ್ದು? ಎರಡನೆಯದಕ್ಕೆ ಹೋದೆ, ಮೂರನೆಯದಕ್ಕೆ ಹೋದೆ. ಹೂಬಳ್ಳಿಯ ಅಂಚು, ಹಡಗಿನ ಲಂಗರು, ತೊಟ್ಟಿಲಿನ ಚಿತ್ರ, ಎಲ್ಲ ನನ್ನವೇ. ಒಡೆದು ಹೋಗಿವೆ ಎಂದು ನಾನು ನಂಬಿದ್ದ ಕಲ್ಲುಗಳು ಒಂದಕ್ಕೂ ಮುಕ್ಕಾಗದೆ ಅಲ್ಲಿದ್ದವು, ಎಂಟು ಸಾಲಾಗಿ ನಿಂತು ಸಮುದ್ರ ನೋಡುತ್ತಿದ್ದವು, ಕೊನೆಯ ಎರಡು ಮಾತ್ರ ಮಲಗಿದ್ದವು. ಅಣ್ಣ, ಸಂತೋಷವಾಯಿತು ಎಂದರೆ ನೀನು ನಂಬುತ್ತೀಯಾ? ಮೊದಲು ಆದದ್ದು ಸಂತೋಷವೇ. ಆಮೇಲೆ ಆ ಕಲ್ಲಿಗೇ ಒರಗಿ ನಿಂತೆ. ಆ ಹೆಂಗಸು ತನ್ನ ನೀರಿನ ಬಾಟಲಿ ಕೊಟ್ಟು, ಬಿಸಿಲಿಗೆ ಹೀಗಾಗುತ್ತೆ ಕೂತ್ಕೊಳ್ಳಿ ಅಂದಳು.

ಕಲ್ಲುಗಳ ಮೇಲಿನ ಆ ವಿದೇಶಿ ಭಾಷೆ ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಬರೆದುಕೊಟ್ಟ ಚೀಟಿ ನೋಡಿ ಆಕಾರ ಕೆತ್ತುತ್ತಿದ್ದೆ ಅಷ್ಟೆ. ಅವಳು ಓದಿ ಹೇಳಿದಳು. ತೊಟ್ಟಿಲಿನ ಕಲ್ಲು ಹನ್ನೊಂದು ದಿನ ಬದುಕಿದ ಕೂಸಿನದಂತೆ. ಲಂಗರಿನದು ಹಡಗಿನ ಅಡುಗೆಯವನದು, ಅವನ ರೊಟ್ಟಿ ತಿಂದವರೆಲ್ಲ ಸೇರಿ ಹಾಕಿಸಿದ್ದಂತೆ. ಇನ್ನೊಂದು ಪಿಯಾನೋ ಶ್ರುತಿ ಮಾಡುತ್ತಿದ್ದ ಮುದುಕಿಯದು, ಊರಿಗೆ ಹೋಗುವ ಹಡಗನ್ನು ನಾಲ್ಕು ಸಲ ತಪ್ಪಿಸಿಕೊಂಡು ಇಲ್ಲೇ ಉಳಿದವಳು. ಇಷ್ಟು ಕಾಲದ ಮೇಲೆ ನಾನು ಕೆತ್ತಿದ್ದು ಏನೆಂದು ನನಗೆ ತಿಳಿಯಿತು.

ಇಳಿಜಾರಿನ ಕೆಳಗೆ ಚರಂಡಿ ಅಗೆದಾಗಿನಿಂದ ನೆಲ ಕುಸಿಯುತ್ತಿದೆಯಂತೆ. ಅದಕ್ಕೆ ಸಾಲಿನ ಕೊನೆಯ ಎರಡು ಕಲ್ಲುಗಳನ್ನು ಕಿತ್ತು, ಮತ್ತೆ ನಿಲ್ಲಿಸಲು ದಿಮ್ಮಿಗಳ ಮೇಲೆ ಮಲಗಿಸಿದ್ದರು. ಸತ್ತವರ ಕಡೆಯವರಿಗೆ ಕೆಲಸದವರ ಗುರುತು ಕಾಣಬಾರದೆಂದು ನಾವು ಅದನ್ನು ಮಣ್ಣಿನೊಳಗೆ ಹೋಗುವ ಬುಡದಲ್ಲಿ ಹಾಕುತ್ತಿದ್ದೆವಲ್ಲ, ಆ ಬುಡ ಹಗಲು ಬೆಳಕಿನಲ್ಲಿ ಬಿದ್ದಿತ್ತು. ಒಂಬತ್ತನೆಯ ಕಲ್ಲಿನ ಬುಡ ಬರಿದಾಗಿತ್ತು. ಹತ್ತನೆಯದರಲ್ಲಿ ನಿನ್ನ ಗುರುತು, ಆ ಬಾಣ.

ಹತ್ತು ಕಲ್ಲು ನಿಂತ ಮೇಲೆ ಗುರುತು, ಗುರುತು ಸಿಕ್ಕವನಿಗೆ ಅಂಗಡಿ. ಅಪ್ಪನ ಕಾಲಕ್ಕೂ ಮೊದಲಿನ ಕಟ್ಟಳೆ ಅದು. ನಿನ್ನ ಕೈಯಲ್ಲಿ ಎರಡು ವರ್ಷಕ್ಕೆ ಮೂರು ಕಲ್ಲೂ ಸರಿಯಾಗಿ ಏಳಲಿಲ್ಲ. ನನ್ನದು ಒಂದೂ ನಿಲ್ಲಲಿಲ್ಲವೆಂದು ನಾನು ಉಳಿ ಕೆಳಗಿಟ್ಟೆ. ಗೋದಾಮಿನಲ್ಲಿ ಪೆಟ್ಟಿಗೆಗಳ ಮೇಲೆ ತಗಡಿನ ಅಚ್ಚಿಟ್ಟು ಬಣ್ಣ ಬಳಿಯುವ ಕೆಲಸಕ್ಕೆ ಸೇರಿದೆ. ಯಾರೋ ಕತ್ತರಿಸಿದ ಅಕ್ಷರದೊಳಗೆ ಕುಂಚ ಆಡಿಸುತ್ತಾ ಮೂವತ್ತೊಂದು ವರ್ಷ ಸವೆಸಿದೆ. ಅಷ್ಟರಲ್ಲಿ ನೀನು ನನ್ನ ಹತ್ತನ್ನೂ ನಿನ್ನವೆಂದು ತೋರಿಸಿ ಅಂಗಡಿಯ ಯಜಮಾನನಾದೆ, ಕೂಲಿಯವರನ್ನಿಟ್ಟು ಕೆತ್ತಿಸಿ ಹೆಸರು ಮಾಡಿದೆ. ಅಂಗಡಿ ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆ ಮಾರಾಯ. ನಾನು ಕೈಲಾಗದವಳು ಎಂದು ನನ್ನನ್ನೇ ನಂಬಿಸಿದೆಯಲ್ಲ, ಅದು ಹೊಟ್ಟೆ ಉರಿಸುತ್ತದೆ.

ಅವತ್ತು ಮನೆಗೆ ಬರುವ ದಾರಿಯುದ್ದಕ್ಕೂ ಒಂದೇ ಸಮಾಧಾನ ಹೇಳಿಕೊಂಡೆ. ಅಪ್ಪನಿಗೆ ಕಣ್ಣಿರಲಿಲ್ಲ, ಮೇಲಿನ ಕೋಣೆಯಲ್ಲಿ ಮಲಗಿದ್ದ, ಪಾಪ ಅವನ ಕಣ್ಣಿಗೂ ಮಣ್ಣೆರಚಿದ ಇವನು ಎಂದು. ಅಪ್ಪ ನನ್ನ ಜೊತೆಗಿದ್ದಾನೆ ಎಂದು ಅಂದುಕೊಂಡೆ. ಆದರೆ ನಾನು ಇನ್ನೂ ಒಂದನ್ನು ನೋಡಿದ್ದೆ, ನೋಡಿಯೂ ನೋಡದ ಹಾಗೆ ಎದ್ದು ಬಂದಿದ್ದೆ. ಮರುದಿನ ಬೆಳಿಗ್ಗೆ ಮತ್ತೆ ಹೋದೆ.

ನಿನ್ನ ಬಾಣದ ಪಕ್ಕದಲ್ಲಿ ಮೂರು ಚುಕ್ಕಿಗಳಿವೆ. ಅಪ್ಪನ ಗುರುತು. ಮೂರನೆಯದು ಜಾರಿ ಉದ್ದವಾಗಿದೆ, ನಡುಗುವ ಕೈಯಲ್ಲಿ ಇಟ್ಟದ್ದು. ಹತ್ತನೆಯ ಕಲ್ಲಿಗೆ ಗುರು ತಾನೇ ಚುಕ್ಕಿ ಇಡಬೇಕು, ಇಡುವ ಮೊದಲು ಒಂದೊಂದು ಅಕ್ಷರವನ್ನೂ ಬೆರಳಿಂದ ಮುಟ್ಟಿ ನೋಡಬೇಕು. ಹುಟ್ಟಿದಾಗಿನಿಂದ ಕಲ್ಲು ಮುಟ್ಟಿದ ಬೆರಳು ಅದು. ನನಗೆ ಗೀರಿನ ವಾಲು ಹೇಳಿಕೊಟ್ಟ ಬೆರಳು. ಅದಕ್ಕೆ ತಿಳಿಯದೆ ಹೋಯಿತೇ?

ನಾನು ಗೋದಾಮಿಗೆ ಕೆಲಸ ಕೇಳಲು ಹೋದ ದಿನ ನೆನಪಾಯಿತು. ವಾಪಸು ಬಂದಾಗ ಅಪ್ಪ ಕೆಳಗಿನ ಕೋಣೆಯಲ್ಲಿ ನನ್ನ ಬೆಂಚಿನ ಮೇಲೆ ಕೂತಿದ್ದ. ತೋಳಿನ ತುದಿಗೆ ಬಿಳಿ ಧೂಳು. ಗಾಳಿಗೆ ಅಂತ ಇಳಿದು ಬಂದೆ ಅಂದ. ಹತ್ತನೆಯ ಕಲ್ಲು ಆಗಲೇ ನಿನ್ನ ಗಾಡಿ ಹತ್ತಿ ಹೋಗಿತ್ತು. ಅವನು ನನ್ನ ಎಡಗೈ ಹಿಡಿದುಕೊಂಡು ಒಂದೊಂದೇ ಬೆರಳು ಸವರಿ, ಹೋಗಲಿ ಬಿಡು ಮಗಳೇ, ನಿನಗೆ ಈ ಧೂಳು ಬೇಡ ಅಂದ. ಅದನ್ನು ನಾನು ಮರುಕ ಅಂದುಕೊಂಡಿದ್ದೆ. ಸಾಯುವವರೆಗೆ ಅವನಿಗೆ ಊಟ ಮಾಡಿಸಿದ್ದು ಇದೇ ಕೈ. ಒಂದು ದಿನವಾದರೂ ಬಾಯಿ ಬಿಡಬಹುದಿತ್ತು. ನೀನು ನನಗೆ ಮೋಸ ಮಾಡಿದೆ ಎಂದು ನಿನ್ನ ಮೇಲೆ ಕೂಗಾಡಬಹುದು. ಅವನ ಮೇಲೆ ಯಾವ ಬಾಗಿಲಿಗೆ ಹೋಗಿ ಕೂಗಾಡಲಿ?

ಹತ್ತು ಕಲ್ಲು ನಿಂತಿವೆ, ಕಟ್ಟಳೆಯ ಪ್ರಕಾರ ನನಗೂ ಗುರುತು ಬರಬೇಕು. ಕೊಡುವವರಿಲ್ಲದ್ದರಿಂದ ನಾನೇ ತೆಗೆದುಕೊಂಡೆ. ಉಸ್ತುವಾರಿಯವಳಿಗೆ ಎಲ್ಲ ಹೇಳಿ ಅನುಮತಿ ಕೇಳಿದೆ. ಅವಳು, ಮಣ್ಣಿನ ಕೆಳಗಿನ ಜವಾಬ್ದಾರಿ ನಂದಲ್ಲ ಅಂದು ಬೇಲಿ ಕತ್ತರಿಸಲು ಹೋದಳು. ನಿನ್ನ ಬಾಣ ಅಳಿಸಲಿಲ್ಲ, ಅಪ್ಪನ ಚುಕ್ಕಿಗಳನ್ನೂ ಮುಟ್ಟಲಿಲ್ಲ. ಪಕ್ಕದಲ್ಲಿ ಒಂದೇ ಒಂದು ಗೀರು ಹಾಕಿದೆ, ಎಡಕ್ಕೆ ವಾಲಿದ್ದು. ಮೊನ್ನೆ ಆ ಕಲ್ಲನ್ನು ಮತ್ತೆ ನಿಲ್ಲಿಸಿ ಮಣ್ಣು ಮುಚ್ಚಿದರಂತೆ.

ಸಮಿತಿಯವರಿಗೆ ನಾನು ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ಆ ಬಗ್ಗೆ ನೀನು ನಿಶ್ಚಿಂತೆಯಿಂದಿರು. ಅತ್ತಿಗೆಗೆ ನನ್ನ ನೆನಪು ಹೇಳು.

ನಾನು ಕ್ಷೇಮವಾಗಿಲ್ಲ. ಆದರೆ ಕೈ ನಡುಗುತ್ತಿಲ್ಲ.

ಇಂತಿ,
ನಿನ್ನ ಒಡಹುಟ್ಟಿದ
ಎಡಚಿ

ಮರೆತ ಮಾತು: ಫಲಕದಲ್ಲಿ ನಿನ್ನ ಹೆಸರು ಕೆತ್ತಿಲ್ಲ. ಉಳಿದ ಸಾಲುಗಳೆಲ್ಲ ಇವೆ. ಹೆಸರಿನ ಜಾಗದಲ್ಲಿ ಅಳತೆಗೆ ಸರಿಯಾಗಿ ಸೀಸದ ಕಡ್ಡಿಯಲ್ಲಿ ಎರಡು ಗೆರೆ ಎಳೆದು ಖಾಲಿ ಬಿಟ್ಟಿದ್ದೇನೆ. ಅಪ್ಪನ ಸಣ್ಣ ಉಳಿಯನ್ನು ಹರಿತ ಮಾಡಿ, ಸುತ್ತಿಗೆಯ ಜೊತೆ ಬಟ್ಟೆಯಲ್ಲಿ ಸುತ್ತಿ ಕಂಬದ ಬುಡದಲ್ಲಿ ಇಡಿಸುತ್ತೇನೆ. ಪರದೆ ಎಳೆದ ಮೇಲೆ ಎಲ್ಲರೆದುರು ನೀನೇ ಕೆತ್ತು. ಮುಂದಿನ ಸಾಲಿನಲ್ಲಿ ಕೂತಿರು ಎಂದು ಬರೆದಿದ್ದೆಯಲ್ಲ, ಕೂತಿರುತ್ತೇನೆ.